ತಾತನ ಜಾವಾ ಯಾವ ಬಣ್ಣದ್ದು?

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ. ಒಂದು ಸಂಜೆ ಬಂದವನೇ, "ಮೇಷ್ಟ್ರೇ, ನಮ್ಮನೇಲಿ ಒಂದು ಜಗಳ ನಡೀತಾ ಇದೆ, ನೀವೇ ತೀರ್ಪು ಹೇಳ್ಬೇಕು" ಎಂದ. ಆಸ್ತಿಯ ಜಗಳವೇನೋ ಎಂದು ನಾನು ಸ್ವಲ್ಪ ಹಿಂಜರಿದೆ. ಅಲ್ಲ, ಅದು ಬಣ್ಣದ ಜಗಳ.

ಅವರ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಹಳೆಯ ಜಾವಾ ಮೋಟಾರ್ ಸೈಕಲ್ ಇದೆ. ತಾತ ಅದನ್ನು ಕೊಂಡಿದ್ದು 1968ರಲ್ಲಿ. ರೇಷ್ಮೆಗೂಡಿನ ಚೀಲವನ್ನು ಹಿಂದೆ ಕಟ್ಟಿಕೊಂಡು ಹೊಸಕೋಟೆಯಿಂದ ವಿಜಯಪುರದ ಗೂಡಿನ ಮಾರುಕಟ್ಟೆಗೆ ಅವರು ಹೋಗಿ ಬರುತ್ತಿದ್ದುದು ಅದರಲ್ಲೇ. ಹದಿನೈದು ವರ್ಷದಿಂದ ನಿಂತಲ್ಲೇ ನಿಂತಿದ್ದ ಗಾಡಿಗೆ ಈ ಬೇಸಿಗೆಯಲ್ಲಿ ಜೀವ ಬಂತು. ಎಂಜಿನ್ ಕೆಲಸ ಮುಗಿಯಿತು. ಉಳಿದದ್ದು ಬಣ್ಣ.

ಈಗ ಅದರ ಮೇಲಿರುವುದು ನೀಲಿ. ಆ ನೀಲಿ ಕಾರ್ಖಾನೆಯದಲ್ಲ ಎಂಬುದು ಎಲ್ಲರಿಗೂ ಗೊತ್ತು, ಏಕೆಂದರೆ ಹುಡುಗನ ಅಪ್ಪ ಕಾಲೇಜಿನಲ್ಲಿದ್ದಾಗ ಹೊಡೆಸಿದ್ದು ಅದು. "ಅದಕ್ಕೆ ಮೊದಲು ಕಪ್ಪಿತ್ತು, ನಾನೇ ಕಣ್ಣಾರೆ ಕಂಡಿದ್ದೀನಿ. ಕಾರ್ಖಾನೆ ಬಣ್ಣ ಕಪ್ಪೇ" ಎಂದು ಅಪ್ಪ ಹೇಳುತ್ತಾರೆ. "ಕೊಂಡವನು ನಾನು. ಅದು ಮಾಗಿದ ನೇರಳೆಹಣ್ಣಿನ ರಸದ ಹಾಗೆ ಕಡುಗೆಂಪಿತ್ತು" ಎಂದು ತಾತ ಹೇಳುತ್ತಾರೆ. ಪೇಂಟರ್ ಮೇಸ್ತ್ರಿಗೆ ಇದಾವುದೂ ಬೇಡ. "ಯಾವ ಬಣ್ಣ ಹೊಡೀಬೇಕು ಹೇಳಿ ಸಾರ್, ನಾಳೆನೇ ಪೂರ್ತಿ ಕೆರೆದು ಹಾಕ್ತೀನಿ" ಎನ್ನುತ್ತಾನೆ.

"ಪೂರ್ತಿ ಕೆರೆದು" ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಎದ್ದು ನಿಂತೆ. "ಅವನು ಉಪ್ಪು ಕಾಗದ ಮುಟ್ಟುವ ಮೊದಲು ನಾನು ಗಾಡಿ ನೋಡಬೇಕು" ಎಂದೆ. ಯಾಕೆಂದರೆ ಹಳೆಯ ವಾಹನದ ಮೇಲಿನ ಬಣ್ಣ ಬರಿಯ ಅಲಂಕಾರವಲ್ಲ, ಅದೊಂದು ದಾಖಲೆ. ಒಂದು ಗಾಡಿಗೆ ಹತ್ತು ಸಲ ಬಣ್ಣ ಹೊಡೆಯಬಹುದು. ಕಾರ್ಖಾನೆ ಹೊಡೆದದ್ದು ಮಾತ್ರ ಒಂದೇ ಸಲ. ಅದನ್ನು ಕೆರೆದು ಬಿಸಾಡಿದ ಮೇಲೆ ಯಾವ ದುಡ್ಡಿಗೂ ಮರಳಿ ಬರುವುದಿಲ್ಲ.

ಮೈಸೂರಿನ ಮೋಟಾರ್ ಸೈಕಲ್

ಮೊದಲು ಈ ಗಾಡಿಯ ಕುಲಗೋತ್ರ ತಿಳಿಯೋಣ. ಜಾವಾ ನಮ್ಮದೇ ರಾಜ್ಯದ ಕೂಸು, ಆದರೆ ಹೆಸರು ದೂರದೇಶದ್ದು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡು 1929ರಲ್ಲಿ ಪ್ರಾಗ್ ನಗರದಲ್ಲಿ ಕೆಲಸ ಆರಂಭಿಸಿದ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿ ಗಾಡಿಗೆ ಹೆಸರಿಟ್ಟ. ಚೆಕ್ ಜನ ಅದನ್ನು 'ಯಾವಾ' ಎನ್ನುತ್ತಾರೆ, ನಾವು ಜಾವಾ ಎಂದೆವು.

ರುಸ್ತುಂ ಮತ್ತು ಫರ್ರೂಖ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷದಿಂದ ಗಾಡಿಗಳು ಹೊರಬರತೊಡಗಿದವು. ಎರಡು ಸ್ಟ್ರೋಕಿನ 250 ಸಿಸಿ ಎಂಜಿನ್, ಎರಡು ಸೈಲೆನ್ಸರ್, ಕಿಕ್ ಹೊಡೆದ ಮೇಲೆ ಅದೇ ಸರಳನ್ನು ಮುಂದಕ್ಕೆ ತಿರುಗಿಸಿದರೆ ಗೇರ್ ಸರಳಾಗುವ ವಿಚಿತ್ರ ಏರ್ಪಾಡು, ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸುವ ಪದ್ಧತಿ, ಇವೆಲ್ಲ ಅರವತ್ತು ದಾಟಿದ ಓದುಗರಿಗೆ ಈಗಲೂ ನೆನಪಿರಬೇಕು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿಗೆ ಮತ್ತೆ ಜೀವ ಕೊಟ್ಟಾಗ, ಎಂಜಿನ್ ಪೂರ್ತಿ ಹೊಸದಾದರೂ ಬಣ್ಣಗಳ ಪಟ್ಟಿಯಲ್ಲಿ ಹಳೆಯ ಮರೂನನ್ನು ಮಾತ್ರ ಬಿಡಲಿಲ್ಲ. ಜನ ಗಾಡಿಯನ್ನು ಗುರುತಿಸುತ್ತಿದ್ದದ್ದೇ ಆ ಬಣ್ಣದಿಂದ ಎಂಬುದು ಅವರಿಗೆ ತಿಳಿದಿತ್ತು.

ಹಾಗಾದರೆ ತಾತನ ಮಾತೇ ಸರಿಯಲ್ಲವೇ, ಇನ್ನು ಪರೀಕ್ಷೆ ಏಕೆ ಎಂದು ನೀವು ಕೇಳಬಹುದು. ಜಾವಾಗಳಲ್ಲಿ ಮರೂನ್ ಹೆಸರುವಾಸಿಯಾಗಿತ್ತು ಎಂದಮಾತ್ರಕ್ಕೆ ಈ ಜಾವಾ ಮರೂನ್ ಆಗಿತ್ತು ಎಂದು ಸಿದ್ಧವಾಗುವುದಿಲ್ಲ. ಹೊಸಕೋಟೆಯ ಮನೆಗಳಲ್ಲಿ ರಾಗಿಮುದ್ದೆ ಹೆಚ್ಚು ಎಂದ ಮಾತ್ರಕ್ಕೆ ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಮುದ್ದೆಯೇ ಆಗಿತ್ತು ಎನ್ನಲಾದೀತೇ? ಸಾಮಾನ್ಯ ಸಂಗತಿ ಬೇರೆ, ಒಂದೊಂದು ವಸ್ತುವಿನ ಸಂಗತಿ ಬೇರೆ. ಇದನ್ನು ಹುಡುಗನಿಗೆ ಹೇಳಿದೆ. "ಹಾಗಾದ್ರೆ ಸಾಕ್ಷಿ ಹುಡುಕೋಣ" ಎಂದ. ನನಗೆ ಬೇಕಿದ್ದುದೂ ಅದೇ.

ಮೂರು ಸಾಕ್ಷಿಗಳು

ಮೊದಲ ಸಾಕ್ಷಿ ನೆನಪು. ತಾತನ ನೆನಪು, ಅಪ್ಪನ ನೆನಪು ಒಂದಕ್ಕೊಂದು ವಿರುದ್ಧ. ಆದರೆ ಇಬ್ಬರೂ ಸುಳ್ಳು ಹೇಳುವವರಲ್ಲ. ಅಪ್ಪ ಹುಟ್ಟಿದ್ದು 1974ರಲ್ಲಿ. ಅವರಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಗಾಡಿಗೆ ಎಷ್ಟು ವಯಸ್ಸಾಗಿತ್ತು ಎಂದು ಹುಡುಗನನ್ನು ಲೆಕ್ಕ ಹಾಕಲು ಹೇಳಿದೆ. ಹತ್ತು ಹನ್ನೆರಡು ವರ್ಷ. ಆ ನಡುವೆ ಏನಾದರೂ ನಡೆದಿರಬಹುದು.

ಎರಡನೆಯ ಸಾಕ್ಷಿ ಭಾವಚಿತ್ರ. ತಾತ ಜಾವಾದ ಪಕ್ಕ ಪಂಚೆಯುಟ್ಟು ನಿಂತ ಕಪ್ಪುಬಿಳುಪು ಫೋಟೋ ಒಂದು ಗೋಡೆಯಲ್ಲಿತ್ತು. ಅದರಲ್ಲಿ ಗಾಡಿ ಕಪ್ಪಗೇ ಕಾಣುತ್ತಿತ್ತು. "ನೋಡಿ, ಕಪ್ಪು!" ಎಂದರು ಅಪ್ಪ. ಇಲ್ಲೇ ನಾವು ಎಡವುವುದು. ಕಪ್ಪುಬಿಳುಪು ಫಿಲ್ಮು ಬಣ್ಣವನ್ನು ಹಿಡಿಯುವುದಿಲ್ಲ, ಬೆಳಕಿನ ಪ್ರಮಾಣವನ್ನು ಹಿಡಿಯುತ್ತದೆ. ಕಡುಗೆಂಪು, ಕಡುಹಸಿರು, ಕಪ್ಪು ಮೂರೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಹಾಗೆ ಕಾಣುತ್ತವೆ. ಆ ಫೋಟೋ ಹೇಳಿದ್ದು ಇಷ್ಟೇ: ಗಾಡಿಯ ಬಣ್ಣ ಗಾಢವಾಗಿತ್ತು, ಟ್ಯಾಂಕಿನ ಪಕ್ಕದಲ್ಲಿ ಕ್ರೋಮು ಹೊಳೆಯುತ್ತಿತ್ತು.

ಮೂರನೆಯ ಸಾಕ್ಷಿ ಆರ್‌ಸಿ ಪುಸ್ತಕ. ನೋಂದಣಿ ಪತ್ರದಲ್ಲಿ ವಾಹನದ ಬಣ್ಣಕ್ಕೊಂದು ಕಾಲಂ ಇರುತ್ತದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಬಣ್ಣ ಬದಲಾಯಿಸಿದರೆ ಆರ್‌ಟಿಓ ಕಚೇರಿಗೆ ತಿಳಿಸಬೇಕಾದದ್ದು ಆ ಕಾಲಂ ಇರುವುದರಿಂದಲೇ. ತಾತ ಟ್ರಂಕಿನಿಂದ ತೆಗೆದ ಪುಸ್ತಕದ ಹಾಳೆಗಳು ಮಡಿಕೆಯಲ್ಲಿ ಹರಿದಿದ್ದವು. ಬಣ್ಣದ ಕಾಲಂನಲ್ಲಿ ಗುಮಾಸ್ತರು ಮಸಿಯಲ್ಲಿ 'ರೆಡ್' ಎಂದು ಬರೆದಿದ್ದರು.

ತಾತನ ಮುಖ ಅರಳಿತು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಕೆಂಪು ಅಂದ್ರೆ ಯಾವ ಕೆಂಪು? ಪೋಸ್ಟ್ ಡಬ್ಬದ ಕೆಂಪಾ, ಕುಂಕುಮದ ಕೆಂಪಾ?" ಎಂದರು. ಸೋತವರ ಮಾತಾದರೂ ಅದು ಒಳ್ಳೆಯ ಪ್ರಶ್ನೆ. ಕಾಗದದ ಮೇಲಿನ ಪದ ಬಣ್ಣದ ಜಾತಿಯನ್ನು ಹೇಳುತ್ತದೆ, ಬಣ್ಣವನ್ನು ತೋರಿಸುವುದಿಲ್ಲ. ಬಣ್ಣವನ್ನು ತೋರಿಸಬೇಕಾದದ್ದು ಗಾಡಿಯೇ.

ಬಿಸಿಲು ತಾಕದ ಜಾಗ

ಬಣ್ಣ ಎಂದರೆ ಮುಖ್ಯವಾಗಿ ಎರಡು ವಸ್ತು. ಒಂದು, ಬಣ್ಣ ಕೊಡುವ ನುಣುಪಾದ ಪುಡಿ. ಇನ್ನೊಂದು, ಆ ಪುಡಿಯನ್ನು ಹಿಡಿದು ಲೋಹಕ್ಕೆ ಅಂಟಿಸುವ ರಾಳ. ಬಿಸಿಲಿನ ಅತಿನೇರಳೆ ಕಿರಣಗಳು ಎರಡನ್ನೂ ಕೆಡಿಸುತ್ತವೆ. ರಾಳ ಮೇಲ್ಮೈಯಲ್ಲಿ ಪುಡಿಯಾಗುತ್ತದೆ. ಹಳೆಯ ಬಸ್ಸಿಗೆ ಒರಗಿ ನಿಂತರೆ ಅಂಗಿಗೆ ಹತ್ತುವ ಹುಡಿ ಅದೇ. ಬಣ್ಣದ ಪುಡಿಗಳಲ್ಲಿ ಕೆಲವು ಗಟ್ಟಿ, ಕೆಲವು ಮೆತು. ಹಳ್ಳಿಯ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡು. ಅದು ಎಷ್ಟು ಬಿಸಿಲಿಗೂ ಜಗ್ಗುವುದಿಲ್ಲ. ರಾಸಾಯನಿಕವಾಗಿ ತಯಾರಿಸಿದ ಹೊಳೆಯುವ ಕೆಂಪುಗಳಲ್ಲಿ ಹಲವು ಬೇಗ ಮಾಸುತ್ತವೆ.

ಆದ್ದರಿಂದ ಹಳೆಯ ಗಾಡಿಯ ಅಸಲಿ ಬಣ್ಣ ಬೇಕೆಂದರೆ ಎದ್ದು ಕಾಣುವ ಜಾಗ ನೋಡಬಾರದು. ಬಿಸಿಲೂ ಪೇಂಟರನ ಗನ್ನೂ ತಲುಪದ ಜಾಗ ನೋಡಬೇಕು. ಸೀಟಿನ ಕೆಳಗೆ, ಟ್ಯಾಂಕಿನ ತಳದಲ್ಲಿ, ನಂಬರ್ ಪ್ಲೇಟಿನ ಹಿಂದೆ, ಮೊಣಕಾಲು ಊರುವ ರಬ್ಬರ್ ಪ್ಯಾಡಿನ ಅಡಿಯಲ್ಲಿ. ಜಾವಾಕ್ಕೆ ಪಕ್ಕದಲ್ಲಿ ನೀರಹನಿಯಾಕಾರದ ಟೂಲ್ ಬಾಕ್ಸ್ ಇರುತ್ತದೆ. ಹುಡುಗ ಅದರ ಮುಚ್ಚಳ ತೆಗೆದು ಒಳಮುಖವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಅರ್ಧ ಶತಮಾನದ ಜಿಡ್ಡಿನ ಕೆಳಗಿನಿಂದ ಕಡುಗೆಂಪು ಎದ್ದು ಬಂತು. ಮಾಗಿದ ನೇರಳೆಹಣ್ಣಿನ ರಸದ ಹಾಗೆ.

"ಮುಚ್ಚಳ ಬೇರೆ ಗಾಡೀದು ಇರಬಹುದಲ್ಲ?" ಎಂದರು ಅಪ್ಪ. ಈ ಸಲ ಅವರ ದನಿಯಲ್ಲಿ ಜಗಳವಿರಲಿಲ್ಲ, ಕುತೂಹಲವಿತ್ತು. ಹಳೆಯ ಗಾಡಿಗಳಿಗೆ ಬಿಡಿಭಾಗ ಗುಜರಿಯಿಂದ ಬರುವುದು ಸಾಮಾನ್ಯ. ಆದ್ದರಿಂದ ಒಂದೇ ಜಾಗ ನೋಡಿ ತೀರ್ಮಾನಿಸಬಾರದು. ಹಿಂದಿನ ಮಡ್ಗಾರ್ಡಿನ ಒಳಅಂಚು, ಚಾಸಿಯ ಕೊಳವೆ, ಟ್ಯಾಂಕಿನ ತಳ ಮೂರರಲ್ಲೂ ಇನ್ನೊಂದು ಪರೀಕ್ಷೆ ಮಾಡೋಣ ಎಂದುಕೊಂಡೆವು. ಅದಕ್ಕೆ ಮೇಸ್ತ್ರಿಯನ್ನೇ ಕರೆದೆವು.

ಬೆಲ್ಲದ ಪಾಕವೂ ಬೆಂದ ಇಡ್ಲಿಯೂ

ಮೇಸ್ತ್ರಿ ನೀರಿನಲ್ಲಿ ನೆನೆಸಿದ ನುಣ್ಣನೆಯ ವಾಟರ್ ಪೇಪರಿನಿಂದ ಮಡ್ಗಾರ್ಡಿನ ಒಳಗೆ ನಾಲ್ಕಾಣೆ ನಾಣ್ಯದಷ್ಟು ಜಾಗವನ್ನು ಮೆಲ್ಲಗೆ ಉಜ್ಜಿದ. ನಡುವೆ ಲೋಹ ಕಂಡಿತು. ಸುತ್ತಲೂ ಮರದ ಕಾಂಡ ಕೊಯ್ದಾಗ ಕಾಣುವಂತೆ ಉಂಗುರಗಳು ಮೂಡಿದವು. ಹೊರಗಿನಿಂದ ಒಳಕ್ಕೆ: ನೀಲಿ, ಕಪ್ಪು, ಕಡುಗೆಂಪು, ಪ್ರೈಮರ್, ಆಮೇಲೆ ತಗಡು. ಹುಡುಗ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡ. ಉಳಿದೆರಡು ಕಡೆಯೂ ಅದೇ ಕ್ರಮ.

ಆಮೇಲೆ ಮೇಸ್ತ್ರಿ ತನ್ನ ಕಸುಬಿನ ಒಂದು ಗುಟ್ಟು ತೋರಿಸಿದ. ಬಟ್ಟೆಗೆ ಥಿನ್ನರ್ ಹಚ್ಚಿ ನೀಲಿಯ ಮೇಲೆ ಒರೆಸಿದ. ಬಟ್ಟೆ ನೀಲಿಯಾಯಿತು. ಕಪ್ಪಿನ ಮೇಲೆ ಒರೆಸಿದ. ಬಟ್ಟೆ ಕಪ್ಪಾಯಿತು. ಕಡುಗೆಂಪಿನ ಮೇಲೆ ಒರೆಸಿದ. ಬಟ್ಟೆಗೆ ಏನೂ ಹತ್ತಲಿಲ್ಲ. "ಮೇಲಿನ ಎರಡೂ ಡೂಕೋ ಸಾರ್. ಕೆಳಗಿಂದು ಬೇಯಿಸಿದ್ದು. ಇದು ಕಂಪನಿ ಪೇಂಟೇ" ಎಂದ.

ವಿದ್ಯಾರ್ಥಿಗಳೇ, ಇದರ ಹಿಂದಿನ ವಿಜ್ಞಾನ ಸರಳ. ಬೆಲ್ಲದ ಪಾಕ ತಟ್ಟೆಯಲ್ಲಿ ಗಟ್ಟಿಯಾದರೂ ನೀರು ಹಾಕಿದರೆ ಮತ್ತೆ ಕರಗುತ್ತದೆ. ಅಲ್ಲಿ ಆಗಿದ್ದು ನೀರು ಆರಿದ್ದು ಮಾತ್ರ. ಇಡ್ಲಿ ಹಾಗಲ್ಲ. ಬೆಂದ ಇಡ್ಲಿಗೆ ಎಷ್ಟು ನೀರು ಸುರಿದರೂ ಅದು ಮರಳಿ ಹಿಟ್ಟಾಗುವುದಿಲ್ಲ. ಡೂಕೋ ಬೆಲ್ಲದ ಜಾತಿಯದು. ಅದರಲ್ಲಿನ ದ್ರಾವಕ ಆರಿಹೋಗಿ ಬಣ್ಣ ಗಟ್ಟಿಯಾಗುತ್ತದೆ. ಅದೇ ದ್ರಾವಕ ಮತ್ತೆ ಸಿಕ್ಕರೆ ಕರಗುತ್ತದೆ. ಒಲೆಯಲ್ಲಿ ಬೇಯಿಸುವ ಎನಾಮಲ್ ಇಡ್ಲಿಯ ಜಾತಿಯದು. ಶಾಖಕ್ಕೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆಮೇಲೆ ಥಿನ್ನರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಗಾಡಿಯನ್ನು ಬೇಯಿಸುವ ದೊಡ್ಡ ಒಲೆ ಕಾರ್ಖಾನೆಯಲ್ಲಿರುತ್ತದೆ, ರಸ್ತೆ ಬದಿಯ ಶೆಡ್ಡಿನಲ್ಲಿರುವುದಿಲ್ಲ. ಹೀಗೆ ಒಂದು ತುಂಡು ಬಟ್ಟೆ ಕಾರ್ಖಾನೆಯ ಬಣ್ಣವನ್ನೂ ಶೆಡ್ಡಿನ ಬಣ್ಣವನ್ನೂ ಬೇರೆ ಮಾಡಿತು. ಆದರೆ ಈ ಪರೀಕ್ಷೆ ಎಲ್ಲ ಗಾಡಿಗೂ ನಡೆಯದು. ಕಾರ್ಖಾನೆಯಲ್ಲೇ ಲ್ಯಾಕರ್ ಬಳಸಿದ ಕಂಪನಿಗಳೂ ಜಗತ್ತಿನಲ್ಲಿದ್ದವು, ಈಗಿನ ಶೆಡ್ಡುಗಳಲ್ಲಿ ಬಳಸುವ ಎರಡು ಡಬ್ಬ ಬೆರೆಸುವ ಬಣ್ಣಗಳೂ ಥಿನ್ನರಿಗೆ ಜಗ್ಗುವುದಿಲ್ಲ. ಅದಕ್ಕೇ ಒಂದು ಸಾಕ್ಷಿಯನ್ನು ಇನ್ನೊಂದರ ಜೊತೆ ಸೇರಿಸಿ ನೋಡಬೇಕು.

ನಮ್ಮ ಮೇಸ್ತ್ರಿಗಳ ಬಾಯಲ್ಲಿ ನಲಿಯುವ 'ಡೂಕೋ' ಎಂಬ ಮಾತಿಗೂ ಒಂದು ಕಥೆಯಿದೆ. ಕಾರು ಬಂದ ಹೊಸದರಲ್ಲಿ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಎಣ್ಣೆ ವಾರ್ನಿಷನ್ನೇ ಅದಕ್ಕೂ ಬಳಿಯುತ್ತಿದ್ದರು. ಪದರದ ಮೇಲೆ ಪದರ ಬಳಿದು ಆರಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಫೋರ್ಡ್ ಕಂಪನಿ ತನ್ನ ಟಿ ಮಾದರಿಯ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು. ದಿನಕ್ಕೆ ನೂರಾರು ಗಾಡಿ ಹೊರಬೀಳುವ ಕಡೆ ಅಗ್ಗವಾಗಿ, ಗಟ್ಟಿಯಾಗಿ ಕೂರುವ ಒಂದೇ ಬಣ್ಣ ಇದ್ದರೆ ಕೆಲಸ ಸಲೀಸು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಗನ್ನಿನಲ್ಲಿ ಸಿಂಪಡಿಸಬಹುದಾದ, ಬೇಗ ಆರುವ ಲ್ಯಾಕರನ್ನು 'ಡ್ಯೂಕೋ' ಎಂಬ ಹೆಸರಿನಲ್ಲಿ ತಂದಿತು. 1924ರ ಓಕ್‌ಲ್ಯಾಂಡ್ ಕಾರು ಅದರಿಂದ ನೀಲಿಯಾಗಿ ಬೀದಿಗಿಳಿಯಿತು. ಬೀದಿಗೆ ಬಣ್ಣ ಬಂದದ್ದು ಆಮೇಲೆ. ಆ ಕಂಪನಿಯ ಹೆಸರು ನಮ್ಮ ಮೇಸ್ತ್ರಿಗಳಿಗೆ ಗೊತ್ತಿರಲಿಕ್ಕಿಲ್ಲ, ಅದರ ಡಬ್ಬದ ಹೆಸರು ಮಾತ್ರ ಗಾಡಿ ಬಣ್ಣಕ್ಕೆಲ್ಲ ಅನ್ವರ್ಥವಾಗಿ ಉಳಿದಿದೆ.

ಇನ್ನು ಲ್ಯಾಕರ್ ಎಂಬ ಪದದ ಬೇರು ನಮ್ಮ ಕಡೆಯದೇ. ಸಂಸ್ಕೃತದ ಲಾಕ್ಷಾ, ಅಂದರೆ ಅರಗು, ಅದರ ಮೂಲ. ಚನ್ನಪಟ್ಟಣದ ಬೊಂಬೆ ಹೊಳೆಯುವುದು ಅರಗಿನಿಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಶಾಖಕ್ಕೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಹುಟ್ಟಿದ್ದು ಅರಗಿನ ಕಾರ್ಖಾನೆಯಾಗಿಯೇ.

ತಗಡಿನ ಮೇಲಿನ ಸಂಕೇತ

ಇಷ್ಟೆಲ್ಲ ಹುಡುಕುವ ಬದಲು ಕಾರ್ಖಾನೆಯವರೇ ಬಣ್ಣದ ಹೆಸರನ್ನು ಗಾಡಿಯ ಮೇಲೆ ಬರೆದಿಟ್ಟರೆ? ಕೆಲವು ದೇಶಗಳಲ್ಲಿ ಹಾಗೆಯೇ ಮಾಡಿದ್ದರು. ಆಸ್ಟ್ರೇಲಿಯದಲ್ಲಿ 1960, 70ರ ದಶಕಗಳಲ್ಲಿ ದೊಡ್ಡ ಎಂಜಿನ್ನಿನ, ಭಾರೀ ವೇಗದ ಕಾರುಗಳ ಹುಚ್ಚು ಹಬ್ಬಿತ್ತು. ಅವುಗಳಲ್ಲಿ ಫೋರ್ಡ್ ಫಾಲ್ಕನ್ ಜಿಟಿ-ಎಚ್‌ಒ ಮೂರನೆಯ ಹಂತದ ಕಾರು ಬಲು ಪ್ರಸಿದ್ಧ. ಬ್ಯಾಥರ್ಸ್ಟ್ ಊರಿನ ಓಟದ ಪಂದ್ಯಕ್ಕೆಂದೇ 1971ರಲ್ಲಿ ಸುಮಾರು 300 ಕಾರು ಮಾಡಿದರು. ಆ ಕಾರುಗಳ ಬಾನೆಟ್ಟಿನ ಒಳಗೆ ಒಂದು ಚಿಕ್ಕ ತಗಡು ಇರುತ್ತದೆ. ಬಾಡಿ ಯಾವುದು, ಒಳಗಿನ ಸೀಟಿನ ಬಟ್ಟೆ ಯಾವುದು, ಬಣ್ಣ ಯಾವುದು ಎಂಬುದನ್ನು ಅದರಲ್ಲಿ ಸಂಕೇತಾಕ್ಷರಗಳಲ್ಲಿ ಒತ್ತಿರುತ್ತಾರೆ. ಅದೇ ಕಾಲದ ಇನ್ನೊಂದು ಕಾರು ವೇಲಿಯಂಟ್ ಚಾರ್ಜರ್. ಅದರ ಕಿತ್ತಳೆ ಬಣ್ಣವನ್ನು ಕಂಪನಿ 'ವಿಟಮಿನ್ ಸಿ' ಎಂಬ ಹೆಸರಿಟ್ಟು ಮಾರಿತು!

ಇಂದು ಅಂಥ ಫಾಲ್ಕನ್ ಒಂದು ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿ ಹರಾಜಾಗಿದ್ದುಂಟು. ಕೊಳ್ಳುವವರು ಮೊದಲು ನೋಡುವವುಗಳಲ್ಲಿ ತಗಡಿನ ಸಂಕೇತವೂ ಕಾರಿನ ಬಣ್ಣವೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದೂ ಒಂದು. ಬೇರೆ ಬಣ್ಣ ಎಷ್ಟೇ ಚಂದವಾಗಿ ಹೊಡೆದಿದ್ದರೂ ತಾಳೆಯಾಗದಿದ್ದರೆ ಬೆಲೆ ಇಳಿಯುತ್ತದೆ. ಇಲ್ಲಿ ಜನ ದುಡ್ಡು ಕೊಡುವುದು ಹೊಳಪಿಗಲ್ಲ, ನಿಜಕ್ಕೆ.

ನಮ್ಮ ದೇಶವೂ ಈಗ ಹಳೆಯ ಗಾಡಿಯ ಮೂಲರೂಪಕ್ಕೆ ಕಾನೂನಿನ ಮನ್ನಣೆ ಕೊಟ್ಟಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅವು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಓಡಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. 1968ರ ನಮ್ಮ ಜಾವಾ ವಯಸ್ಸಿನಲ್ಲಿ ಇದಕ್ಕೆ ಅರ್ಹ.

ಹೊಸ ಕಾರ್ಖಾನೆಗಳಲ್ಲಿ ಬಣ್ಣದ ಕೆಲಸವೇ ಬೇರೆಯಾಗಿದೆ. ನಮ್ಮ ಹೊಸಕೋಟೆಯ ಬಳಿ ವೋಲ್ವೊ ಲಾರಿಯ ಕಾರ್ಖಾನೆ 1998ರಲ್ಲಿ ಶುರುವಾದ ಮೇಲೆ ಈ ಕಡೆಯ ಎಷ್ಟೋ ಮಕ್ಕಳು ಐಟಿಐ, ಡಿಪ್ಲೊಮಾ ಓದಿ ವಾಹನ ಉದ್ಯಮ ಸೇರುವ ಕನಸು ಕಂಡವರು. ಅವರಿಗಾಗಿ ಎರಡು ಮಾತು. ಈಗಿನ ವಾಹನ ಕಾರ್ಖಾನೆಗಳಲ್ಲಿ ತಗಡನ್ನು ತೊಳೆದು, ಫಾಸ್ಫೇಟಿನ ತೆಳುಪದರ ಕೂರಿಸಿ, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಗನ್ನು ತಲುಪದ ಸಂದಿಗೊಂದಿಗೂ ಪ್ರೈಮರ್ ಹೋಗಿ ಕೂರುತ್ತದೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಪದರ, ನಡುನಡುವೆ ಒಲೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು, ತಲೆಗೂದಲಿಗಿಂತ ಸ್ವಲ್ಪ ಹೆಚ್ಚು. ಪುಟ್ಟಿ ಮೆತ್ತಿದ ಕಡೆ ಈ ದಪ್ಪ ಹಲವು ಪಟ್ಟು ಏರುತ್ತದೆ. ಹಳೆಯ ಕಾರು ಕೊಳ್ಳುವ ಪೋಷಕರು ಒಂದು ಚಿಕ್ಕ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಆಡಿಸಿ ನೋಡಲಿ. ಉಕ್ಕಿನ ತಗಡಿನಲ್ಲಿ ಹಿಡಿತ ಸಡಿಲವಾದ ಕಡೆ ಪುಟ್ಟಿಯಿದೆ, ಎಂದೋ ಪೆಟ್ಟು ಬಿದ್ದಿದೆ ಎಂದರ್ಥ.

ಬಿಸಿಲಿಗೆ ಹಿಡಿದು ನೋಡಿ

ಜಾವಾಕ್ಕೆ ಬರೋಣ. ಬಣ್ಣ ಯಾವುದೆಂದು ಗೊತ್ತಾಯಿತು. ಅದೇ ಬಣ್ಣ ಕಲಸುವುದು ಇನ್ನೊಂದು ಪರೀಕ್ಷೆ. ಮೇಸ್ತ್ರಿ ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಕಲಸಿದ ಮಾದರಿ ಮುಚ್ಚಳದ ಬಣ್ಣಕ್ಕೆ ಸರಿಯಾಗಿ ಹೊಂದಿತ್ತು. ಹೊರಗೆ ತಂದರೆ ಕಂದು ತಿರುಗಿತು. ಹುಡುಗ ಬೆರಗಾದ. ಅವನ ತಾಯಿ ನಕ್ಕು, "ಸೀರೆಗೆ ಬ್ಲೌಸ್ ಪೀಸ್ ತಗೊಳ್ವಾಗ ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು ನೋಡಲ್ವೇನೋ?" ಎಂದರು. ಅದೇ ವಿಜ್ಞಾನ. ಬೇರೆ ಬೇರೆ ಪುಡಿಗಳಿಂದಾದ ಎರಡು ಬಣ್ಣ ಒಂದು ದೀಪದ ಕೆಳಗೆ ಒಂದೇ ಎನಿಸಿ, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಬಹುದು. ಆದ್ದರಿಂದ ವಾಹನದ ಬಣ್ಣವನ್ನು ಹಗಲು ಬೆಳಕಿನಲ್ಲೇ ಹೊಂದಿಸಬೇಕು. ಮೂರನೆಯ ಸಲಕ್ಕೆ ಹೊಂದಿತು.

ಆದರೆ ತಾತ ಮಾದರಿ ನೋಡಿ, "ಇನ್ನೂ ಥಳಥಳ ಅಂತಿತ್ತು ಕಣಪ್ಪ" ಎಂದರು. ಅವರ ಎರಡೂ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ನೇರಳೆಯ ಛಾಯೆಯಿರುವ ಕೆಂಪು ಅವರಿಗೆ ಮಂಕಾಗಿ ಕಾಣುವುದು ಸಹಜ. ತಪ್ಪು ಬಣ್ಣದ್ದೂ ಅಲ್ಲ, ನೆನಪಿನದ್ದೂ ಅಲ್ಲ. ಹುಡುಗನಿಗೆ ಇದನ್ನು ಹೇಳಿದಾಗ ಅವನು ಅಪ್ಪನ ಕಡೆ ನೋಡಿದ. "ಗಾಡಿಗಿಂತ ಮೊದಲು ತಾತನ ಕಣ್ಣು ತೋರಿಸೋಣ" ಎಂದ. ಜಗಳದಿಂದ ಆದ ದೊಡ್ಡ ಲಾಭ ಬಹುಶಃ ಅದೇ.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ತಾತ ಕೊನೆಗೆ ಬಾಯಿಬಿಟ್ಟರು. ಅಪ್ಪನಿಗೆ ಐದಾರು ವರ್ಷವಿದ್ದಾಗ ಮನೆಯ ನೆಂಟರೊಬ್ಬರು ಗಾಡಿ ಕೇಳಿ ಪಡೆದು ಕೆರೆ ಏರಿಯ ಮೇಲೆ ಬೀಳಿಸಿಕೊಂಡರಂತೆ. ಅವರ ಮರ್ಯಾದೆ ಹೋಗಬಾರದೆಂದು ತಾತ ಸುದ್ದಿ ಎತ್ತದೆ, ಸಿಕ್ಕಿದ ಕಪ್ಪು ಹೊಡೆಸಿ ಸುಮ್ಮನಾಗಿದ್ದರು. ಅಪ್ಪ ಕಣ್ಣಾರೆ ಕಂಡಿದ್ದೂ ನಿಜ, ತಾತ ಹೇಳಿದ್ದೂ ನಿಜ. ಎರಡು ನಿಜಗಳ ನಡುವಿನ ಆ ಬಿದ್ದ ದಿನದ ಗುರುತು ಬಣ್ಣದ ಪದರದಲ್ಲಿತ್ತು.

ಮುಚ್ಚಳದ ಒಳಗೆ

ಪೋಷಕರಿಗೆ ಒಂದು ಎಚ್ಚರಿಕೆ. ಹಳೆಯ ಬಣ್ಣ ಮತ್ತು ಪ್ರೈಮರುಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗ ಎಂದು ಕಟ್ಟುನಿಟ್ಟು ಮಾಡಿದ್ದೇ 2016ರ ನಿಯಮದಿಂದ. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ ಉಪ್ಪು ಕಾಗದದಲ್ಲಿ ಎಂದೂ ಉಜ್ಜಬೇಡಿ. ನೀರು ಹಾಕಿಯೇ ಉಜ್ಜಬೇಕು, ಮೂಗುಬಾಯಿ ಮುಚ್ಚಬೇಕು, ಕೈ ತೊಳೆಯದೆ ಏನನ್ನೂ ತಿನ್ನಬಾರದು. ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಬಿಡಬಾರದು. ಥಿನ್ನರ್ ಬೇಗ ಬೆಂಕಿ ಹತ್ತುವ ವಸ್ತು. ಅದರ ಪರೀಕ್ಷೆಯನ್ನು ಮಕ್ಕಳು ತಾವೇ ಮಾಡಬಾರದು, ಕಸುಬು ಬಲ್ಲವರು ಬಯಲಿನಲ್ಲಿ ಮಾಡುವಾಗ ನಿಂತು ನೋಡಬೇಕು.

ನೀಲಿ, ಕಪ್ಪು ತೆಗೆದ ಮೇಲೆ ಹಳೆಯ ಮರೂನ್ ಪೂರ್ತಿಯಾಗಿ ಸಿಗಲಿಲ್ಲ. ಹಿಂದೆ ಬಣ್ಣ ಹೊಡೆದವರು ಹೊಸದು ಹಿಡಿಯಲೆಂದು ಅದನ್ನು ಅಲ್ಲಲ್ಲಿ ಕೆರೆದಿದ್ದರು. ಮಡ್ಗಾರ್ಡಿಗೂ ಟ್ಯಾಂಕಿಗೂ ಹೊಸ ಮರೂನ್ ಹೊಡೆಯಲೇಬೇಕಾಯಿತು. ಟೂಲ್ ಬಾಕ್ಸಿನ ಮುಚ್ಚಳಕ್ಕೂ ಹೊರಗಿನಿಂದ ಹೊಡೆದರು. ಮೇಸ್ತ್ರಿ ಅದನ್ನು ತಿರುಗಿಸಿ ಒಳಮುಖಕ್ಕೆ ಗನ್ ಹಿಡಿಯುವಾಗ ಹುಡುಗ ಓಡಿಹೋಗಿ ಕೈ ಅಡ್ಡ ಇಟ್ಟ. "ಅಲ್ಲಿ ಬೇಡಣ್ಣ, ಅದು ಹಾಗೇ ಇರ್ಲಿ."

ಅದು ಹಾಗೇ ಇದೆ. ನಿಮ್ಮ ಮನೆಯಲ್ಲೂ ಒಂದು ಹಳೆಯ ಸ್ಕೂಟರೋ, ಹೊಲಿಗೆ ಯಂತ್ರವೋ, ಟ್ರಂಕೋ ಇರಬಹುದು. ಬಣ್ಣ ಹೊಡೆಸುವ ಮೊದಲು ಒಂದು ದಿನ ಅದರ ಮುಂದೆ ಕುಳಿತುಕೊಳ್ಳಿ. ಬಿಸಿಲು ತಾಕದ ಜಾಗ ಹುಡುಕಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಮನೆಯ ಹಿರಿಯರನ್ನು ಕೇಳಿ. ಆಮೇಲೆ ಬೇಕಾದ ಬಣ್ಣ ಹೊಡೆಸಿ. ಎಲ್ಲಾದರೂ ಒಂದು ಅಂಗೈಯಗಲ ಮಾತ್ರ ಮೊದಲಿನ ಹಾಗೇ ಬಿಡಿ.